ನರ್ಸಮ್ಮನ ಹಣೆ

ದೊಡ್ಡಬಳ್ಳಾಪುರದಲ್ಲಿ ನನ್ನ ಹತ್ತಿರ ಪಟ ಬರೆಸೋಕೆ ಬರುತ್ತಿದ್ದವರೆಲ್ಲ ತೀರಿಕೊಂಡವರ ಮನೆಯವರೇ. ಮಾಸಿದ ಫೋಟೋ ಒಂದನ್ನು ಕೈಗಿಟ್ಟು, ‘ಅಪ್ಪಂಗೆ ಒಂದು ಕೋಟು ಹಾಕ್ಬಿಡಿ, ಅಮ್ಮನ ಕತ್ತಿಗೆ ಕಾಸಿನ ಸರ ಬರಲಿ’ ಅಂತ ಹೇಳಿ ಹೋಗೋರು. ಬದುಕಿದ್ದಾಗ ಕೋಟು ಮುಟ್ಟಿರದ ಎಷ್ಟು ನೇಕಾರರಿಗೆ ನಾನು ಕೋಟು ತೊಡಿಸಿದ್ದೀನೋ ದೇವರಿಗೇ ಗೊತ್ತು. ಸತ್ತವರು ತಕರಾರು ಮಾಡೋದಿಲ್ಲ, ಅದೊಂದು ಸುಖ.

ತೊಂಬತ್ತರ ದಶಕದ ಶುರುವಿನಲ್ಲಿ ಕುಂದಾಣದ ಕಡೆಯ ಒಂದು ಹಳ್ಳಿಯಿಂದ ಮಹಿಳಾ ಸಂಘದವರು ಬಂದರು. ಅಲ್ಲಿಯ ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ನಿವೃತ್ತರಾಗುತ್ತಿದ್ದರು. ಊರಿನ ಮುಕ್ಕಾಲು ಮಕ್ಕಳು ಅವರ ಕೈಯಲ್ಲೇ ಹುಟ್ಟಿದ್ದವಂತೆ. ಅವರ ಪಟ ಹೆರಿಗೆ ವಾರ್ಡಿನಲ್ಲಿ ಹಾಕಬೇಕಂತೆ. ಹೊರಡುವಾಗ ಸಂಘದ ಅಧ್ಯಕ್ಷೆ ದನಿ ತಗ್ಗಿಸಿ, ‘ಹಣೆಗೆ ದೊಡ್ಡದಾಗಿ ಕುಂಕುಮ ಬರೆದ್ಬಿಡಿ ಸಾರ್. ಅವರ ಯಜಮಾನರು ಹೋಗಿ ಬಹಳ ವರ್ಷ ಆಯ್ತು. ಬಸುರಿ ಬಾಣಂತಿಯರು ನೋಡೋ ಜಾಗ, ಬೋಳು ಹಣೆ ಚೆನ್ನಾಗಿರಲ್ಲ’ ಅಂದರು. ನಾನು ಎಂದಿನಂತೆ ತಲೆಯಾಡಿಸಿದೆ.

ನರ್ಸಮ್ಮನ ಹತ್ತಿರ ನೆಟ್ಟಗಿನ ಫೋಟೋ ಒಂದೂ ಇರಲಿಲ್ಲ. ಹಾಗಾಗಿ ಬಣ್ಣ, ಕುಂಚ ಹೊತ್ತು ನಾನೇ ಅವರ ಕ್ವಾರ್ಟರ್ಸಿಗೆ ಹೋದೆ. ಉಸಿರಾಡೋ ಮುಖ ನೋಡಿ ಬರೆಯೋದು ನನಗದೇ ಮೊದಲು. ಅಯ್ಯಯ್ಯೋ, ಅದೆಂಥ ಫಜೀತಿ! ಕಣ್ಣಿನ ಕೆಳಗಿನ ನೆರಿಗೆ ಹಿಡಿಯೋಷ್ಟರಲ್ಲಿ ನಗು ಬರೋದು, ನೆರಿಗೆ ಜಾಗ ಬಿಡೋದು. ಯಾರಾದರೂ ಕೂಗಿದರೆ ಎದ್ದು ಓಡೋರು, ವಾಪಸ್ ಬಂದು ಕೂತಾಗ ಬೇರೆಯದೇ ಮುಖ. ಇದರಲ್ಲಿ ಯಾವುದಪ್ಪಾ ಇವರದು? ನನಗೆ ಕುತೂಹಲ ಹತ್ತಿಬಿಟ್ಟಿತು. ಕೆಲಸ ಬಾಕಿ ಇಲ್ಲದ ದಿನವೂ ಹೋಗಿ ಸುಮ್ಮನೆ ನೋಡುತ್ತ ಕೂತೆ.

ಹಣೆಗೆ ಬಣ್ಣ ಕಲಸುವಾಗ ಕಣ್ಣಿಗೆ ಬಿತ್ತು: ಹುಬ್ಬುಗಳ ನಡುವೆ ದುಂಡನೆಯ ಒಂದು ಗುರುತು, ಸುತ್ತಲಿನ ಚರ್ಮಕ್ಕಿಂತ ಕೊಂಚ ಕಪ್ಪು.

‘ಏನಪ್ಪಾ ಹಂಗೆ ನೋಡ್ತಿದ್ದೀಯ?’ ಅಂದರು.

‘ಇಲ್ಲೊಂದು ಕಲೆ ಇದೆಯಲ್ಲಮ್ಮ?’

‘ಕುಂಕುಮ ಇಡ್ತಿದ್ದ ಜಾಗ ಕಣಪ್ಪಾ. ಇಡೋದು ನಿಂತರೂ ಅದು ಹೋಗಲಿಲ್ಲ.’

ಸಂಘದವರ ಮಾತು ತಿಳಿಸಿ, ಏನು ಮಾಡಲಿ ಅಂತ ಕೇಳಿದೆ. ನರ್ಸಮ್ಮ ಸಿಡಿದರು. ‘ಮಗೂನ ಹೊರಗೆ ತೆಗೆಯೋಕೆ ನಾನು ಬೇಕು. ನಾಮಕರಣದಲ್ಲಿ ತೊಟ್ಟಿಲಿಗೆ ಹಾಕುವಾಗ ಮಾತ್ರ, ನೀವು ಆ ಕಡೆ ಕೂತ್ಕೊಳಿ ನರ್ಸಮ್ಮ, ಊಟ ಮಾಡ್ಕೊಂಡೇ ಹೋಗಿ ಅಂತಾರೆ. ಎಷ್ಟು ಮನೇಲಿ ಆ ಕಡೆ ಕೂತಿದ್ದೀನೋ! ಈಗ ಪಟದಲ್ಲಿ ಮುತ್ತೈದೆ ಮಾಡ್ತಾರಂತೆ. ಇರೋದನ್ನ ಬರಿ.’ ಕಣ್ಣಲ್ಲಿ ನೀರಿತ್ತು.

ಇರೋದನ್ನೇ ಬರೆದೆ. ಆ ಗುರುತಿಗೆ ಪಟ್ಟ ಪಾಡು ಯಾವ ನೇಕಾರನ ಕೋಟಿಗೂ ಪಟ್ಟಿರಲಿಲ್ಲ. ಬಣ್ಣ ಗಾಢವಾದರೆ ಬೊಟ್ಟಿನಂತೆ ಕಾಣೋದು, ತೆಳುವಾದರೆ ಕೊಳೆಯಂತೆ. ಒರೆಸಿ ಒರೆಸಿ ಬರೆದೆ.

ಬೀಳ್ಕೊಡುಗೆಯ ದಿನ ಪಟದ ಮೇಲಿನ ಬಟ್ಟೆ ಸರಿಸಿದಾಗ ಅಧ್ಯಕ್ಷೆ ನನ್ನ ಕಡೆ ಕಣ್ಣು ಕೆಕ್ಕರಿಸಿದರು. ನೋಡ್ಕೊಳ್ಳಲಿ ಅಂತ ನಾನೂ ನಿಂತೆ. ಊರಿನ ಹಿರಿಯಜ್ಜಿಯೊಬ್ಬರು ಬಂದ ಹೆಂಗಸರಿಗೆಲ್ಲ ಅರಿಶಿನ ಕುಂಕುಮ ಕೊಡುತ್ತಿದ್ದರು, ನರ್ಸಮ್ಮ ಒಬ್ಬರನ್ನು ಬಿಟ್ಟು. ಪಟ ಕಂಡರೆ ಕುಂಕುಮ ಇಡೋದು ನಮ್ಮ ಕಡೆ ರೂಢಿಯಲ್ಲವೇ? ಅಜ್ಜಿ ಅದೇ ಗುಂಗಿನಲ್ಲಿ ಹೋಗಿ ಪಟದ ಹಣೆಗೆ ಬೆರಳು ಚಾಚಿದರು.

‘ಅಜ್ಜೀ, ಅವರಿನ್ನೂ ಬದುಕಿದ್ದಾರೆ!’ ಅಂತ ಯಾರೋ ಕೂಗಿದರು. ಜನ ಗೊಳ್ಳೆಂದು ನಕ್ಕರು.

ನರ್ಸಮ್ಮ ನಗಲಿಲ್ಲ. ಕುರ್ಚಿಯಿಂದ ಎದ್ದು ಬಂದು ಅಜ್ಜಿಯ ಮುಂದೆ ನಿಂತರು. ‘ಪಟಕ್ಕೆ ಯಾಕಜ್ಜಿ? ನಾನು ಇಲ್ಲೇ ಇದ್ದೀನಲ್ಲ. ನನಗೇ ಇಡಿ.’

ನಗು ನಿಂತುಹೋಯಿತು. ಅಜ್ಜಿ ತಟ್ಟೆ ನೋಡಿದರು, ಸುತ್ತಲಿದ್ದ ಹೆಂಗಸರನ್ನು ನೋಡಿದರು.

‘ಒಸಿ ಬಗ್ಗು ತಾಯಿ, ಕೈ ಎಟುಕಲ್ಲ’ ಅಂದರು ಅಜ್ಜಿ.

ನರ್ಸಮ್ಮ ಬಗ್ಗಿದರು.