ನೆಂಟರ ಮನೆಗೆ ಹೋಗಿ ಹೇಳಿ ಬಂದವರು

ವಿಜ್ಞಾನವೆಂದರೆ ಪರೀಕ್ಷೆಗೆ ಉರು ಹೊಡೆಯುವ ವಿಷಯವಲ್ಲ, ಬದುಕಿಗೆ ಬೇಕಾದ ತಿಳಿವಳಿಕೆ ಎಂದು ಹಾನುಬಾಳು ಹೋಬಳಿಯ ಎರಡು ತಲೆಮಾರಿನ ಮಕ್ಕಳಿಗೆ ಮನಗಾಣಿಸಿದ ಶ್ರೀಮತಿ ದ್ರಾಕ್ಷಾಯಣಿಯವರು ಈ ವರ್ಷ, ೨೦೦೯ರಲ್ಲಿ, ಪ್ರೌಢಶಾಲೆಯ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಕಾಫಿ ಎಸ್ಟೇಟಿನ ಕೂಲಿ ಲೈನಿನ ಮಕ್ಕಳೂ ಮುಟ್ಟಿ ನೋಡಲೆಂದು ಸೂಕ್ಷ್ಮದರ್ಶಕವನ್ನು ಬೀರುವಿನಿಂದ ಹೊರತಂದವರು, ಶಾಲೆ ಬಿಡಲಿದ್ದ ಲಕ್ಷ್ಮಿಯೆಂಬ ವಿದ್ಯಾರ್ಥಿನಿಯನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡು ಓದಿಸಿದವರು ಅವರು. ಆದರೆ ಸಹೋದ್ಯೋಗಿಗಳು ಇಂದಿಗೂ ಬೆರಗಿನಿಂದ ನೆನೆಯುವುದು, ಅವರು ತಮ್ಮ ಬಂಧುಗಳ ಮುಂದೆ ಆಡಿದ ಮಾತನ್ನು.

೨೦೦೪ರಲ್ಲಿ ಅವರಿಗೆ ಸ್ತನ ಕ್ಯಾನ್ಸರ್ ಆಯಿತು. ಅದೇ ಕಾಯಿಲೆ ಅವರ ಸೋದರತ್ತೆ ಭೂತಮ್ಮನನ್ನೂ ಒಡಹುಟ್ಟಿದ ಅಕ್ಕನನ್ನೂ ಹಿಂದೆಯೇ ಕೊಂಡೊಯ್ದಿತ್ತು. ಬೆಂಗಳೂರಿನ ವೈದ್ಯರು ಜೀನ್ ಪರೀಕ್ಷೆ ಮಾಡಿಸಿ, ಇದು ವಂಶದಲ್ಲೇ ಇಳಿದು ಬಂದ ದೋಷ, ರಕ್ತಸಂಬಂಧಿಗಳಿಗೆ ತಿಳಿಸಿ ಎಂದರು. ಶಸ್ತ್ರಚಿಕಿತ್ಸೆಯ ಗಾಯ ಮಾಯುತ್ತಲೇ ದ್ರಾಕ್ಷಾಯಣಿಯವರು ಮಗ್ಗೆಗೆ, ಒಡಹುಟ್ಟಿದ ತಮ್ಮ ಗುಂಡಯ್ಯನವರ ಮನೆಗೆ ಹೊರಟರು. ಅಲ್ಲಿ ಗುಂಡಯ್ಯನವರ ಮಗಳು ಚೈತ್ರಶ್ರೀಗೆ ಗಂಡು ನೋಡುತ್ತಿದ್ದರು.

ಸುದ್ದಿ ಕೇಳಿ ಗುಂಡಯ್ಯನವರು ದನಿ ತಗ್ಗಿಸಿದರು. "ಅಕ್ಕಾ, ಈ ಮಾತು ಇಲ್ಲಿಗೇ ಬುಟ್ಬುಡು. ಗಂಡಿನ ಕಡೆಯೋರ ಕಿವಿಗೆ ಬಿದ್ರೆ ನನ್ ಮಗಳ ಗತಿ ಏನು? ಹೆಂಗಸ್ರ ಕಾಯಿಲೆ ನನ್ ಮೈಯಾಗೆ ಎಲ್ಲಿಂದ ಬರ್ತೈತೆ?"

"ಭೂತತ್ತೆ ಜೊತೆ ಹುಟ್ಟಿದ್ದು ನಮ್ಮಪ್ಪ ಕಣೋ. ಅಪ್ಪಂಗೆ ಏನೂ ಆಗ್ಲಿಲ್ಲ, ಆದ್ರೂ ನಂಗೆ ಕೊಟ್ಟು ಹೋದ. ನಿಂಗೂ ಕೊಟ್ಟಿರಬೋದು, ಕೊಡದೇನೂ ಇರಬೋದು. ನೋಡುಸ್ಕೊಳೋ."

"ನಿಂಗ್ ಬಂತು ಅಂತ ನಮ್ಗೂ ಬರ್ಲಿ ಅಂತೀಯಾ?"

ದ್ರಾಕ್ಷಾಯಣಿಯವರ ಕಣ್ಣು ತುಂಬಿತು. ಎದ್ದು ಬಂದುಬಿಡಬಹುದಿತ್ತು. ಬರಲಿಲ್ಲ. ಅಡುಗೆಮನೆಗೆ ಹೋಗಿ ತಮ್ಮನ ಹೆಂಡತಿ ಲಿಂಗಮ್ಮನ ಪಕ್ಕ ಕೂತು, ಚೈತ್ರಶ್ರೀಯನ್ನೂ ಕರೆದು, ಎಲ್ಲವನ್ನೂ ಬಿಡಿಸಿ ಹೇಳಿದರು: ತಂದೆಗಿದ್ದರೆ ಮಕ್ಕಳಿಗೆ ಬರುವ ಸಂಭವ ಅರ್ಧಕ್ಕರ್ಧ, ದೋಷವಿದ್ದ ಮಾತ್ರಕ್ಕೆ ಕಾಯಿಲೆ ಬಂದೇ ತೀರುವುದಿಲ್ಲ, ಬೇಗ ಕಂಡರೆ ಗುಣವಾಗುವ ಸಂಭವ ಹೆಚ್ಚು.

ಸುಗ್ಗಿ ಮುಗಿಯುವವರೆಗೂ ಗುಂಡಯ್ಯನವರು ಅಕ್ಕನೊಡನೆ ಮಾತು ಬಿಟ್ಟಿದ್ದರು. ಆಮೇಲೊಂದು ಮಧ್ಯಾಹ್ನ ಹಾನುಬಾಳಿನ ಶಾಲೆಯ ಗೇಟಿನಲ್ಲಿ ಬಂದು ನಿಂತರು. "ಮಗಳು ಹಟ ಹಿಡ್ದವ್ಳೆ. ಮೊದ್ಲು ನನ್ ರಕ್ತ ಕೊಡ್ತೀನಿ, ಬಾ ಅಕ್ಕಾ."

ದೋಷ ತಂದೆಯಲ್ಲೂ ಇತ್ತು, ಮಗಳಲ್ಲೂ ಇತ್ತು. ಅದನ್ನು ತಿಳಿದು ಒಂದು ಸಂಬಂಧ ಮುರಿಯಿತು. ಮುಂದೆ ಆಲೂರಿನ ಪ್ರದೀಪನಿಗೆ ಚೈತ್ರಶ್ರೀ ತಾನೇ ಎಲ್ಲವನ್ನೂ ಹೇಳಿದಾಗ ಆತ, "ತಪಾಸಣೆಗೆ ನಾನೇ ಕರ್ಕೊಂಡೋಗ್ತೀನಿ" ಎಂದು ಮದುವೆಯಾದ. ಕಳೆದ ವರ್ಷ ಅಂಥದೇ ತಪಾಸಣೆಯಲ್ಲಿ ಕೈಗೂ ಸಿಗದಷ್ಟು ಸಣ್ಣ ಗಂಟು ಕಂಡಿತು. ತೆಗೆದರು. ಈಗ ಆರೋಗ್ಯವಾಗಿದ್ದಾಳೆ.

ಮಗಳು ಚೇತರಿಸಿಕೊಂಡ ಮೇಲೆ ಗುಂಡಯ್ಯನವರು ಅಕ್ಕನ ಜೊತೆ ಆನೇಮಹಲ್‌ಗೆ, ಭೂತಮ್ಮನ ಮಗ ಕೆಂಚಯ್ಯನವರ ಮನೆಗೆ ಹೋದರು. ದ್ರಾಕ್ಷಾಯಣಿಯವರು ಮಾತು ತೆಗೆಯುವ ಮೊದಲೇ, "ಭಾವ, ಇದು ಗಂಡಸ್ರ ಮೈಯಾಗೂ ಇರ್ತೈತೆ. ನನ್ ಮೈಯಾಗೈತೆ. ನಿನ್ ಹೆಣ್ಮಕ್ಕಳ್ನ ಕರಿ, ಅಕ್ಕ ಹೇಳೋದ್ನ ಕೇಳ್ಲಿ" ಎಂದರು. ದ್ರಾಕ್ಷಾಯಣಿಯವರು ತಮ್ಮನನ್ನು ಮೊದಲ ಬಾರಿಗೆ ಕಾಣುವವರಂತೆ ನೋಡುತ್ತ ಕೂತರು.

ಇನ್ನೂ ಹೋಗಬೇಕಾದ ನೆಂಟರ ಮನೆಗಳಿವೆ ಎನ್ನುತ್ತಾರೆ ಅವರು. ಶಾಲೆಯ ವೇಳೆಯ ಹಂಗಿಲ್ಲದ ದಿನಗಳು ಅವರಿಗೆ ಬಹುಕಾಲ ದೊರೆಯಲಿ. ಆ ಮನೆಗಳ ಹೆಣ್ಣುಮಕ್ಕಳ ತಲೆಗೂದಲು ನೆರೆಯುವುದನ್ನು ಅವರೇ ಕಣ್ಣಾರೆ ಕಾಣಲಿ.