ಹಾಸಿಗೆ ಅಂಗಡಿಯ ಮೇಲಿನ ಪಾಠಶಾಲೆ

ಹುಳುಕಕ್ಕ ಎಂಬುದು ಮನೆಯವರು ಇಟ್ಟ ಹೆಸರು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ಹುಳುಕು ಹುಡುಕುವುದೇ ಅವಳ ಹೊಟ್ಟೆಪಾಡು. ಬಸ್ ಟಿಕೆಟ್ ಕಾಯ್ದಿರಿಸುವ ಆ್ಯಪ್ ಮಾಡುವ ಸಣ್ಣ ಕಂಪನಿಯಲ್ಲಿ ಬರೆಯುವವರು ಒಂದು ಸಾಲು ಮೇಜಿನ ತುಂಬ ಇದ್ದರು; ಟೆಸ್ಟ್ ಮಾಡುವವಳು ಇವಳೊಬ್ಬಳೇ. ಇವಳು ಎದ್ದು ಬರುವುದು ಕಂಡರೆ ಆ ಸಾಲಿಗೆಲ್ಲ ಒಟ್ಟಿಗೇ ಚಹಾ ನೆನಪಾಗುತ್ತಿತ್ತು.

ಜೊತೆಗೊಬ್ಬರು ಬೇಕೆಂದು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಕೊನೆಗೊಂದು ದಿನ ಮ್ಯಾನೇಜರು, "ಕಲಿಸೋಕೆ ನಮಗೆಲ್ಲಿದೆ ಪುರುಸೊತ್ತು? ಕಲಿತವರನ್ನ ನೀವೇ ಕರ್ಕೊಂಡು ಬನ್ನಿ, ತಗೊಳ್ಳೋಣ" ಎಂದರು. ಖರ್ಚಿಲ್ಲದ ಮಾತು, ಧಾರಾಳವಾಗಿ ಆಡಿದರು. ಹುಳುಕಕ್ಕ ಮಾತ್ರ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಒಬ್ಬರು ತಯಾರಾದರೆ ಸಾಕು, ಅರ್ಧ ಭಾರ ಇಳಿಯುತ್ತದೆ.

ತಾನೇ ಪಾಠ ಹೇಳಲು ಹೊರಟವಳಿಗೆ ಜಾಗ ಕೊಟ್ಟವನು ಹಾಸಿಗೆ ಅಂಗಡಿಯ ಚಿಕ್ಕಪ್ಪ. "ಭಾನುವಾರ ಮಧ್ಯಾಹ್ನ ಮೇಲಿನ ರೂಮು ಖಾಲಿ ಇರುತ್ತೆ, ಬಾ. ನನ್ನ ವ್ಯಾಪಾರಕ್ಕೆ ತೊಂದ್ರೆ ಆದ ದಿನ ನಿನ್ನ ಪಾಠಶಾಲೆ ಬಂದ್" ಎಂದು ಮೊದಲೇ ಹೇಳಿಬಿಟ್ಟಿದ್ದ. ಖಾಲಿ ಎಂದರೆ ಅಂಗಡಿಯವರ ಖಾಲಿ. ಗೋಡೆಯುದ್ದಕ್ಕೂ ಮಾರಾಟವಾಗದ ಹಾಸಿಗೆಗಳು, ನಡುವೆ ನಾಲ್ಕು ಜನ ಮುದುಡಿ ಕೂರುವಷ್ಟು ನೆಲ.

ಬಂದವರು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿ ಬೇಸತ್ತ ಒಬ್ಬ ನರ್ಸ್, ಪಾರ್ಸೆಲ್ ವ್ಯಾನಿನ ಒಬ್ಬ ಡ್ರೈವರ್. ಮೂರನೆಯವರೂ ಬಂದಿದ್ದರು, ಹಾಸಿಗೆಯ ಬೆಲೆ ಕೇಳಿಕೊಂಡು ಕೆಳಗಿಳಿದರು.

ನೆಲ ತಣ್ಣಗೆಂದು ಹಾಸಿಗೆಯ ಮೇಲೆ ಕೂತರು. ಕೂತವರು ಒರಗಿದರು. ಲ್ಯಾಪ್‌ಟಾಪಿನ ಪುಟ್ಟ ತೆರೆಯಲ್ಲಿ ಪಾಠ ಇನ್ನೂ ಕಾಲೂರಿರಲಿಲ್ಲ, ಅಷ್ಟರಲ್ಲಿ ನರ್ಸಿನ ತಲೆ ಜೋಲಿತು. ಡ್ರೈವರ್ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಿದ್ದ. ಡ್ರೈವರಿಗೆ ಬರಬಾರದ ವಿದ್ಯೆ ಅದು. ಬೈಯೋಣವೆಂದರೆ ಹುಳುಕಕ್ಕನ ಕಣ್ಣೂ ಎಳೆಯುತ್ತಿತ್ತು. ಒಂದು ಭಾನುವಾರವಂತೂ ಮೂವರನ್ನೂ ಚಿಕ್ಕಪ್ಪನೇ ಬಂದು ಎಬ್ಬಿಸಬೇಕಾಯಿತು.

"ಗಿರಾಕಿಗಳನ್ನ ಮೇಲೆ ಕರ್ಕೊಂಡು ಬಂದು ನಿಮ್ಮನ್ನ ತೋರಿಸಿದ್ರೆ ಸಾಕು ಕಣೇ, ನಾನು ಬಾಯಿ ಬಿಡೋದೇ ಬೇಡ" ಎಂದ.

ಮುಂದಿನ ವಾರ ಹುಳುಕಕ್ಕ ಲ್ಯಾಪ್‌ಟಾಪ್ ಮುಚ್ಚಿಟ್ಟಳು. "ಇವತ್ತು ತೆರೆ ಬೇಡ. ಎದುರಿಗಿರೋದನ್ನೇ ಟೆಸ್ಟ್ ಮಾಡೋಣ. ಈ ಹಾಸಿಗೆ ಕವರಿನ ಜಿಪ್ ತಗೊಳ್ಳಿ. ಹುಳುಕು ಸಿಕ್ಕಿದ್ರೆ ಮೂರು ಮಾತಲ್ಲಿ ಹೇಳ್ಬೇಕು. ನೀವೇನು ಮಾಡಿದ್ರಿ, ಏನಾಗ್ಬೇಕಿತ್ತು, ಏನಾಯ್ತು. ಬೈಗುಳ ಬೇಡ."

ಡ್ರೈವರ್ ಒಂದು ಸಲ ಸರ್ರೆಂದು ಎಳೆದ. "ಸರಿ ಇದೆ ಮೇಡಂ."

"ನೀನು ನೆಟ್ಟಗೆ ಎಳೆದೆ ಕಣಪ್ಪ. ಜನ ನೆಟ್ಟಗೆ ಎಳೀತಾರಾ?"

ಅವನು ಓರೆಯಾಗಿ ಎಳೆದ, ಹಿಂದಿನಿಂದ ಎಳೆದ, ಒಂದೇ ಕೈಯಲ್ಲಿ ಎಳೆದ. ನರ್ಸ್ ಹಾಸಿಗೆಯನ್ನು ಮಡಚಿ, ಮೇಲೆ ಮೊಣಕಾಲೂರಿ ಎಳೆದಳು. ಮೂಲೆಯಲ್ಲಿ ಜಿಪ್ ನಿಂತಿತು. ಇನ್ನೊಂದು ಹಾಸಿಗೆ ಮಡಚಿದರು, ಅದೂ ನಿಂತಿತು. ಆ ರೂಮಿನಲ್ಲಿ ಎಲ್ಲರೂ ಒಟ್ಟಿಗೆ ಎಚ್ಚರವಾಗಿದ್ದದ್ದು ಅದೇ ಮೊದಲು.

"ಹಾಸಿಗೆ ಮಡಚಿ ಜಿಪ್ ಎಳೆದೆ" ಎಂದಳು ನರ್ಸ್, ವಾರ್ಡಿನಲ್ಲಿ ಕೂಗಿ ಅಭ್ಯಾಸವಾದ ಗಂಟಲಿನಲ್ಲಿ. "ಕೊನೆವರೆಗೂ ಹೋಗ್ಬೇಕಿತ್ತು. ಬಟ್ಟೆ ಕಚ್ಕೊಂಡು ನಿಂತ್ಬಿಡ್ತು. ಸರಿನಾ ಅಕ್ಕ?"

ಸರಿಯಾಗಿತ್ತು. ಇವಳು ತಯಾರಾಗುತ್ತಾಳೆ ಎಂದು ಹುಳುಕಕ್ಕನಿಗೆ ಅನ್ನಿಸುತ್ತಿದ್ದ ಹೊತ್ತಿಗೇ ಬಾಗಿಲಲ್ಲಿ ಚಿಕ್ಕಪ್ಪ ಕಂಡ. ಪಕ್ಕದಲ್ಲಿ ಹಾಸಿಗೆ ಆರಿಸಲು ಬಂದ ಒಬ್ಬ ಹಿರಿಯ ಹೆಂಗಸು.

"ಜಿಪ್ ಸರಿ ಇಲ್ವೇನಮ್ಮ?" ಎಂದು ಆಕೆ ಕೇಳಿದರು.

"ಅಯ್ಯೋ, ಅದು ಪಾಠದ್ದು ಅಮ್ಮ, ಸುಮ್ನೆ ಆಟ" ಎಂದು ಚಿಕ್ಕಪ್ಪ ನಕ್ಕ. ನಗು ಇದ್ದದ್ದು ಹಲ್ಲಿನಲ್ಲಿ ಮಾತ್ರ. "ಹೇಳೇ, ನಮ್ಮ ಹಾಸಿಗೆ ಹೇಗಿದೆ ಅಂತ."

ಚೆನ್ನಾಗಿದೆ ಎಂದುಬಿಟ್ಟರೆ ರೂಮು ಉಳಿಯುತ್ತಿತ್ತು. ವಾರವೆಲ್ಲ ಆಫೀಸಿನಲ್ಲಿ ಜಗಳಾಡಿ ಬಂದವಳಿಗೆ ಇನ್ನೊಂದು ಜಗಳದ ತ್ರಾಣವೂ ಇರಲಿಲ್ಲ. ಆದರೆ ಅರ್ಧ ಮುಚ್ಚಿದ ಜಿಪ್ ಹಿಡಿದುಕೊಂಡು ನರ್ಸ್ ಅವಳ ಬಾಯನ್ನೇ ನೋಡುತ್ತಿದ್ದಳು. ಈಗ ಹೌದಪ್ಪ ಎಂದರೆ ಕಲಿಸಿದ್ದೆಲ್ಲ ನೀರುಪಾಲು.

"ಹಾಸಿಗೆ ಚೆನ್ನಾಗಿದೆ" ಎಂದಳು ಹುಳುಕಕ್ಕ, ದಣಿದ ದನಿಯಲ್ಲಿ. "ಮಡಚಿದ್ರೆ ಜಿಪ್ ಕಚ್ಚುತ್ತೆ."

"ನಮ್ಮನೇಲಿ ದಿನಾ ಮಡಚಿಡ್ಬೇಕು" ಎಂದು ಆಕೆ ಇಳಿದು ಹೋದರು.

ಹೆಜ್ಜೆ ಸದ್ದು ಬೀದಿ ಸೇರುವವರೆಗೂ ಚಿಕ್ಕಪ್ಪ ಕಾದ. ಆಮೇಲೆ ಒಂದೇ ಮಾತು ಹೇಳಿದ. "ಬಂದ್."

ಮುಂದಿನ ಭಾನುವಾರ ಬಾಗಿಲಿಗೆ ಬೀಗ. ಪಾಠಶಾಲೆ ಬಂದ್ ಎಂದು ಹೇಳಿ ಇಬ್ಬರನ್ನೂ ವಾಪಸ್ಸು ಕಳಿಸಲೆಂದೇ ಹುಳುಕಕ್ಕ ಬಂದಿದ್ದಳು. ಆದರೆ ನರ್ಸ್ ಆಗಲೇ ಮೆಟ್ಟಿಲ ಮೇಲೆ ಕೂತು ಪಕ್ಕದಲ್ಲಿ ಜಾಗ ಬಿಟ್ಟಿದ್ದಳು. ಡ್ರೈವರ್ ಎರಡು ಮೆಟ್ಟಿಲು ಕೆಳಗೆ ಕೂತಿದ್ದ. ಕಲ್ಲಿನ ಮೆಟ್ಟಿಲು, ಒರಗೋಣವೆಂದರೆ ಏನೂ ಇಲ್ಲ, ಬೆನ್ನು ನೋಯುತ್ತದೆ. ಯಾರಿಗೂ ನಿದ್ದೆ ಬರುವ ಹಾಗಿರಲಿಲ್ಲ.

ಚಿಕ್ಕಪ್ಪ ಹೆಗಲ ಮೇಲೊಂದು ಹಾಸಿಗೆ ಹೊತ್ತು ಏದುಸಿರು ಬಿಡುತ್ತ ಹತ್ತಿ ಬಂದ. ಮೂವರನ್ನೂ ನೋಡಿ ನಿಂತ.

"ಮೆಟ್ಟಿಲಲ್ಲೂ ಹುಳುಕು ಹುಡುಕ್ಬೇಡ ಕಣೇ" ಎಂದ. "ಮೆಟ್ಟಿಲನ್ನ ನಾನು ಮಾರ್ತಿಲ್ಲ."

"ಆಯ್ತು ಚಿಕ್ಕಪ್ಪ" ಎಂದು ಹುಳುಕಕ್ಕ ಗೋಡೆಗೆ ಸರಿದು ಅವನಿಗೆ ದಾರಿ ಬಿಟ್ಟಳು. ಹಾಸಿಗೆ ದಾಟಿಹೋದ ಮೇಲೆ ಮೊಣಕಾಲ ಮೇಲೆ ಲ್ಯಾಪ್‌ಟಾಪ್ ತೆರೆದಳು.