ಶೆಡ್ಡಿನೊಳಗಿನ ತಿರುವುಗಳು

ನವೆಂಬರಿನ ಒಂದು ಶುಕ್ರವಾರ ದೇವರ ಮುಂದೆ ದೀಪ ಹಚ್ಚಿ, ಬಾಗಿಲಿಗೆ ಬೀಗ ಹಾಕಿ, ಬೆಳಿಗ್ಗೆ ಆರೂವರೆಗೆ ನಾನೂ ನಮ್ಮ ಯಜಮಾನರೂ ಕುಶಾಲನಗರದ ಬಸ್‌ಸ್ಟ್ಯಾಂಡಿಗೆ ಬಂದೆವು. ಹೋಗುವಾಗ ಬಸ್ಸು, ಬರುವಾಗ ಕಾರು ಎಂದು ಅವರು ಮೊದಲೇ ತೀರ್ಮಾನಿಸಿದ್ದರು. ಆಧಾರ್ ಕಾರ್ಡ್ ತೋರಿಸಿದ ನನಗೆ ಸೊನ್ನೆ ಟಿಕೆಟ್, ಅವರಿಗೆ ದುಡ್ಡಿನ ಟಿಕೆಟ್. ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ದಿನ ಶುರುವಾಗುವಾಗಲೇ ಎರಡು ಉಪಕಾರ ಮಾಡಿದೆಯಲ್ಲ ತಂದೆ, ಎಂದುಕೊಂಡೆ.

ಯಜಮಾನರದು ವಾಹನಗಳ ಬಿಡಿಭಾಗದ ಅಂಗಡಿ. ಅವರ ಹತ್ತಿರ ಒಂದು ಡೈರಿ ಇದೆ. ಇಪ್ಪತ್ತು, ಇಪ್ಪತ್ತೈದು ವರ್ಷದ ಹಿಂದೆ ವೇಗಕ್ಕೆ ಹೆಸರಾಗಿದ್ದ, ಮುಂದೆ ಜನ ಹುಡುಕಿಕೊಂಡು ಬರುವ ಕಾರುಗಳ ಪಟ್ಟಿ ಅದರಲ್ಲಿದೆ. ಎಸ್ಟೀಮ್ ಇದೆ, ದೊಡ್ಡ ಎಂಜಿನ್ನಿನ ಪಾಲಿಯೊ ಇದೆ. ನಾವು ನೋಡಲು ಹೊರಟ ಕಾರಿನ ಹೆಸರನ್ನು ಮಾತ್ರ ನಾನು ಬರೆಯುವಂತಿಲ್ಲ. "ಬರೆದರೆ ನಾಳೆಯೇ ನಮ್ಮ ಗೇಟಿನಲ್ಲಿ ಜನ ಸಾಲು ನಿಲ್ತಾರೆ ಕಣೇ" ಎಂದಿದ್ದಾರೆ. ಮೂರ್ನಾಡಿನಿಂದ ಒಳಗೆ, ಬೆಳ್ಯಪ್ಪ ಎಂಬವರ ಮನೆಯಲ್ಲಿ ಅದು ಇತ್ತು. ಅವರು ಒಂದು ಕಾಲದಲ್ಲಿ ಅದರಲ್ಲಿ ರ‍್ಯಾಲಿ ಓಡಿಸಿದವರು. ಹಿಂದಿನ ವಾರ ಯಜಮಾನರು ಫೋನ್ ಮಾಡಿದಾಗ ಅವರ ಹೆಂಡತಿ ಎತ್ತಿದ್ದರು. "ಕಾರು ಇದೆ. ಅವ್ರು ಇಲ್ಲ" ಅಂದಿದ್ದರು. ಊರಿನಲ್ಲಿಲ್ಲ, ನಾವು ಹೋಗುವಷ್ಟರಲ್ಲಿ ಬಂದಿರುತ್ತಾರೆ ಎಂದು ಇವರು ಅಂದುಕೊಂಡರು.

ಮಡಿಕೇರಿಯಲ್ಲಿ ಇಡ್ಲಿ ತಿಂದು ಬಸ್ಸು ಬದಲಿಸಿದೆವು. ಮಳೆಗಾಲ ಮುಗಿದಿದ್ದರೂ ಮಂಜು ಕಿಟಕಿಯ ಗಾಜಿಗೆ ಅಂಟಿಕೊಂಡೇ ಇತ್ತು. ಮುಂದಿನ ಸೀಟಿನ ಮುದುಕರೊಬ್ಬರು ಯಜಮಾನರ ಡೈರಿಯೊಳಗೆ ಇಣುಕಿ, "ಎಂತ ಮಾರಾಯ್ರೆ ಅದು?" ಅಂದರು.

"ಮುಂದೆ ಬೆಲೆ ಬರೋ ಹಳೇ ಕಾರುಗಳು. ಈಗಿನವು ತಾವೇ ಯೋಚನೆ ಮಾಡ್ತವೆ. ಇವು ಕಾಲು ಹೇಳಿದ್ದನ್ನ ಕೇಳೋ ಗಾಡಿಗಳು, ಇನ್ನು ಇಂಥವು ಬರಲ್ಲ."

"ನಮ್ಮಲ್ಲೂ ಉಂಟು ಒಂದು. ಅದರೊಳಗೆ ಕೋಳಿ ಮೊಟ್ಟೆ ಇಡ್ತದೆ. ಅದನ್ನೂ ಬರ್ಕೊಳ್ಳಿ."

ಬಸ್ಸಿಡೀ ನಕ್ಕಿತು. ಯಜಮಾನರು ಮಾತ್ರ ನಗದೆ, "ಯಾವ ಮಾಡೆಲ್ಲು?" ಎಂದು ಕೇಳಿದರು.

ಮೂರ್ನಾಡಿನಲ್ಲಿ ಇಳಿದು ಆಟೋ ಹಿಡಿದೆವು. ನಾಲ್ಕು ಕಿಲೋಮೀಟರ್ ಕಾಫಿ ತೋಟಗಳ ನಡುವಿನ ಸಣ್ಣ ರಸ್ತೆ, ಬರೀ ತಿರುವು. ಆಟೋದವನು ನಮ್ಮನ್ನು ಗೇಟಿನಲ್ಲೇ ಇಳಿಸಿದ. ಒಳಗೆ ಬರುವುದಿಲ್ಲ ಅಂದ. ಯಾಕೆಂದು ಕೇಳಿದರೆ, "ಹತ್ತು ಗಂಟೆ ಆಯ್ತಲ್ಲಾ ಅಕ್ಕಾ" ಎಂದಷ್ಟೇ ಹೇಳಿ ಗಾಡಿ ತಿರುಗಿಸಿದ.

ಮಂಜಿನಲ್ಲಿ ಹತ್ತು ಹೆಜ್ಜೆ ಮುಂದಿನದು ಕಾಣುತ್ತಿರಲಿಲ್ಲ. ಆಗ ಎಂಜಿನ್ನಿನ ಸದ್ದು ಕೇಳಿಸಿತು. ಏರುತ್ತಿತ್ತು, ತಿರುವು ಬಂದಂತೆ ತಗ್ಗುತ್ತಿತ್ತು, ಮತ್ತೆ ಏರುತ್ತಿತ್ತು. ಯಜಮಾನರ ಮುಖ ಅರಳಿತು. "ಕೇಳಿಸ್ತೇನೇ? ಬೆಳ್ಯಪ್ಪನವರು ಬಂದಿದ್ದಾರೆ. ಆ ಕಡೆ ರಸ್ತೆಯಲ್ಲಿ ಓಡಿಸ್ತಿದ್ದಾರೆ, ಎಂಥ ಕಾಲು ನೋಡು!" ಕಾರು ಈಗ ಬರುತ್ತದೆ ಎಂದು ನಾವು ದಾರಿ ಬಿಟ್ಟು ಪಕ್ಕಕ್ಕೆ ನಿಂತೆವು. ಐದು ನಿಮಿಷ ನಿಂತೆವು. ಸದ್ದು ಹತ್ತಿರವೂ ಬರಲಿಲ್ಲ, ದೂರವೂ ಹೋಗಲಿಲ್ಲ.

ಸದ್ದಿನ ದಿಕ್ಕಿಗೆ ನಡೆದರೆ ಸಿಕ್ಕಿದ್ದು ತಗಡಿನ ಶೆಡ್. ಬಿಳೀ ಕಾರು ಅಲ್ಲೇ ನಿಂತಿತ್ತು. ಒಳಗೆಲ್ಲ ರ‍್ಯಾಲಿಗೆಂದು ಹಾಕಿಸಿದ ಕಬ್ಬಿಣದ ಕೊಳವೆಗಳ ಪಂಜರ. ಎಡಗಡೆ ಸೀಟಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ತೊಡೆಯ ಮೇಲೆ ಶಾಲೆಯ ನೋಟ್‌ಬುಕ್ ಇಟ್ಟುಕೊಂಡು ಜೋರಾಗಿ ಓದುತ್ತಿದ್ದರು: "ಬಲ ಮೂರು, ನೂರು, ಎಡ ಐದು, ದಿಣ್ಣೆ." ಅವರು 'ಬಲ ಮೂರು' ಎಂದಾಗ ಎಂಜಿನ್ ತಗ್ಗಿತು. 'ನೂರು' ಎಂದಾಗ ಏರಿತು. ಡ್ರೈವರ್ ಸೀಟು ಖಾಲಿ. ಅದರ ಹಿಂದಿನ ಗೋಡೆಯಲ್ಲಿ ಗಂಡಸೊಬ್ಬರ ಫೋಟೋ, ಅದಕ್ಕೆ ಒಣಗಿದ ಹಾರ.

ನನ್ನ ಕೈ ತಾನೇ ತಾಳಿಗೆ ಹೋಯಿತು. 'ಅವ್ರು ಇಲ್ಲ' ಎಂಬ ಮಾತಿನ ಅರ್ಥ ನಮ್ಮಿಬ್ಬರಿಗೂ ಆಗ ಆಯಿತು.

ಅವರು ಕೊನೆಯ ಸಾಲಿನವರೆಗೆ ಓದಿ, ಕೀ ತಿರುಗಿಸಿ ಎಂಜಿನ್ ಆರಿಸಿ, ಇಳಿದು ಬಂದು, "ಬನ್ನಿ ಅಕ್ಕ, ಬನ್ನಿ ಅಣ್ಣ, ಕಾಫಿ ಕುಡಿಯುವ" ಎಂದರು, ಏನೂ ಆಗದವರಂತೆ. ಹೆಸರು ಲೀಲಕ್ಕ. ನಾವು ಮಾಂಸ ತಿನ್ನದವರು ಎಂದು ತಿಳಿದು ಬೇರೆ ಹಂಚು ತೊಳೆದಿಟ್ಟು ಅಕ್ಕಿ ರೊಟ್ಟಿ ತಟ್ಟಿದರು. ಅಂಥ ಹೊತ್ತಿನಲ್ಲೂ ಬಿಸಿ ರೊಟ್ಟಿ ಗಂಟಲಿನಲ್ಲಿ ಇಳಿಯಿತು, ಅದೂ ಮೇಲಿನವನ ದಯೆಯೇ.

"ಏಪ್ರಿಲಲ್ಲಿ ಹೋದ್ರು" ಎಂದರು ಲೀಲಕ್ಕ. "ದಿನಾ ಹತ್ತು ಗಂಟೆಗೆ ಕಾರು ಸ್ಟಾರ್ಟ್ ಮಾಡಿ ಇಡೋರು. ಅವತ್ತು ಸುಮಾರು ಹೊತ್ತಾದ್ರೂ ಸದ್ದು ನಿಲ್ಲಲಿಲ್ಲ. ಬಂದು ನೋಡಿದ್ರೆ ಗೇರಿನ ಮೇಲೆ ಕೈ ಇಟ್ಟ ಹಾಗೇ ಇದ್ರು. ಆಮೇಲೆ ನಾನು ಸ್ಟಾರ್ಟ್ ಮಾಡ್ತೇನೆ. ಅಭ್ಯಾಸ ಮಾಡುವಾಗ ನಮ್ಮ ಗೇಟಿಂದ ಮೂರ್ನಾಡು ರಸ್ತೆವರೆಗೆ ಈ ತಿರುವುಗಳ ನೋಟ್ಸ್ ಬರೆದದ್ದು ನಾನೇ. ಅವ್ರು ಓಡ್ಸೋದು, ನಾನು ಓದೋದು. ಈಗ್ಲೂ ಓದಿದ್ರೆ ಕೇಳ್ತಾರೆ."

ಯಜಮಾನರು ಕಾಫಿ ಲೋಟ ಕೆಳಗಿಟ್ಟರು. "ಅಮ್ಮಾ, ಬೇಜಾರಾಗಬೇಡಿ. ಹಳೇ ಎಂಜಿನ್ನಿನಲ್ಲಿ ಗಾಳಿ ಬಿಡೋ ವಾಲ್ವಿಗೆ ಮಸಿ ಕಟ್ಟಿದ್ರೆ ನಿಂತಲ್ಲೇ ಹೀಗೆ ಏರುತ್ತೆ, ಇಳಿಯುತ್ತೆ. ನಮ್ಮ ಅಂಗಡಿಯಲ್ಲೇ ವಾಲ್ವ್ ಇದೆ."

"ಇರ್ಬಹುದು ಅಣ್ಣ" ಎಂದು ಲೀಲಕ್ಕ ಶೆಡ್ಡಿನ ಹಿಂಬದಿ ತೋರಿಸಿದರು. ಮಳೆಗೆ ಗುಡ್ಡದ ಬರೆ ಕುಸಿದು ಹಿಂದಿನ ಗೋಡೆಯ ಅರ್ಧದವರೆಗೆ ಕೆಂಪು ಮಣ್ಣು ಬಂದು ನಿಂತಿತ್ತು. "ಬರುವ ಮಳೆಗೆ ಇದು ಉಳಿಯೋದಿಲ್ಲ. ಕಾರು ಇಟ್ಕೊಂಡ್ರೆ ಮಣ್ಣು ತಿನ್ತದೆ. ಕೊಟ್ರೆ ಅವ್ರೂ ಅದರ ಜೊತೆ ಹೋಗ್ತಾರೆ. ಎಂತ ಮಾಡಲಿ ಹೇಳಿ?"

ಕಾರು ಕೇಳಿಕೊಂಡು ನಮಗಿಂತ ಮೊದಲು ಬಂದವನೊಬ್ಬ ಗಾಜಿನ ಕೋಣೆಯಲ್ಲಿ ನಿಲ್ಲಿಸುತ್ತೇನೆ ಅಂದನಂತೆ. ಅವನಿಗೆ ಕಾಫಿಯನ್ನೂ ಕೊಡದೆ ಕಳಿಸಿದರಂತೆ. ನಮಗೆ ಒಂದೇ ಷರತ್ತು ಹಾಕಿದರು: ನೋಟ್ಸ್ ಓದಿಸಿಕೊಂಡು, ಅದರಂತೆ ಒಮ್ಮೆ ಮೂರ್ನಾಡು ರಸ್ತೆವರೆಗೆ ಓಡಿಸಬೇಕು. "ನಾನು ಹಿಂದೆ ಕೂರ್ತೇನೆ. ಅಕ್ಕ ಓದಲಿ."

ಹಿಂದೆ ಸೀಟೇ ಇರಲಿಲ್ಲ. ಲೀಲಕ್ಕ ಗೋಣಿಚೀಲ ಮಡಿಸಿ ಹಾಕಿಕೊಂಡು ಕಂಬಿ ಹಿಡಿದು ಕುಳಿತರು. ಅಂಕಿ ಸಣ್ಣದಾದಷ್ಟೂ ತಿರುವು ಕಠಿಣ, 'ನೂರು' ಎಂದರೆ ಅಷ್ಟು ಮೀಟರ್ ನೇರ ದಾರಿ, 'ಮುಚ್ಚುತ್ತೆ' ಎಂದರೆ ತಿರುವು ಮುಂದೆ ಇನ್ನೂ ಬಿಗಿ ಎಂದು ಹೇಳಿಕೊಟ್ಟರು. ನನಗೋ ಎಡ ಬಲ ಬೇಗ ಹೊಳೆಯುವುದಿಲ್ಲ. ಆರತಿ ಎತ್ತುವ ಕೈ ಬಲ ಎಂದು ಪ್ರತಿಸಲ ನೆನೆಸಿಕೊಳ್ಳಬೇಕು. ಕನ್ನಡಕ ಒರೆಸಿ, ದೇವರ ಹೆಸರು ಹೇಳಿ ಶುರುಮಾಡಿದೆ.

ಯಜಮಾನರು ಮನೆಯಲ್ಲಿ ಮೆತ್ತಗಿನ ಸ್ವಭಾವದವರು. ಆ ಸೀಟಿನಲ್ಲಿ ಬೇರೆಯವರಾದರು. ಮಂಜಿನಿಂದ ಕಾಫಿ ಗಿಡಗಳು ದಿಢೀರೆಂದು ಎದ್ದು ಬರುತ್ತಿದ್ದವು. "ರೀ, ನಿಧಾನ!" ಎಂದೆ. "ಅದು ನೋಟ್ಸಿನಲ್ಲಿ ಇದೆಯಾ? ಇದ್ದದ್ದನ್ನ ಓದು!" ಎಂದು ಗದರಿದರು. ಎರಡನೆಯ ಕಿಲೋಮೀಟರಿನಲ್ಲಿ ಪುಟ ಮುಗಿಯಿತು. ಮಂಜಿನ ತೇವಕ್ಕೆ ಹಾಳೆ ಅಂಟಿಕೊಂಡಿತ್ತು, ಬೆರಳಿಗೆ ಸಿಗಲಿಲ್ಲ. ಬಿಡಿಸಲು ಪರದಾಡುತ್ತಿರುವಾಗ ಯಜಮಾನರು ಬ್ರೇಕ್ ಒತ್ತಿ ಎಡಕ್ಕೆ ತಿರುಗಿಸಿ, ಅಂಚಿಗೆ ಸರಿದು ನಿಲ್ಲಿಸಿದರು. ಮರುಕ್ಷಣ, ತೋಟದ ಕೆಲಸದವರನ್ನು ತುಂಬಿಕೊಂಡ ಜೀಪೊಂದು ದೀಪವಿಲ್ಲದೆ ಆ ತಿರುವಿನಿಂದ ಬಂದು, ನಮ್ಮ ಬಾಗಿಲಿಗೆ ಗೇಣು ಅಂತರದಲ್ಲಿ ದಾಟಿ ಹೋಯಿತು.

"ಸರಿಯಾಗಿ ಹೇಳಿದೆ ಕಣೇ" ಎಂದರು ಯಜಮಾನರು, ಉಸಿರು ಬಿಡುತ್ತಾ. "ಎಡ ಎರಡು, ಮುಚ್ಚುತ್ತೆ, ಅಂತ."

ನಾನು ಏನೂ ಹೇಳಿರಲಿಲ್ಲ. ಲೀಲಕ್ಕ ಹೇಳಿದರೇನೋ ಎಂದು ತಿರುಗಿ ನೋಡಿದೆ. ಅವರು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕುಳಿತಿದ್ದರು. ಹಾಳೆ ಬಿಡಿಸಿ ನೋಡಿದೆ. ಮೊದಲ ಸಾಲು ಅದೇ: ಎಡ ಎರಡು, ಮುಚ್ಚುತ್ತೆ.

"ನೋಟ್ಸ್ ಬೇಡ, ನಂಗೆ ರಸ್ತೆ ಗೊತ್ತು ಅಂತ ತಮಾಷೆ ಮಾಡೋರು" ಎಂದರು ಲೀಲಕ್ಕ, ಬಾಯಿಂದ ಸೆರಗು ತೆಗೆದು. "ಬಾಯಿಪಾಠ ಮಾಡಿದ್ದಾರೆ, ಕಳ್ಳ."

ವಾಪಸು ಬಂದ ಮೇಲೆ ಅವರೇ ಕೀ ತಂದು ಯಜಮಾನರ ಕೈಯಲ್ಲಿಟ್ಟರು. "ಓಡಿಸ್ತಾ ಇರಿ ಅಣ್ಣ. ನಿಲ್ಲಿಸಬೇಡಿ." ನೋಟ್‌ಬುಕ್ ಕೊಡಲಿಲ್ಲ. ಅದು ಈ ರಸ್ತೆಯದು, ನಿಮ್ಮ ಕಡೆ ನಡೆಯುವುದಿಲ್ಲ ಎಂದರು. ಶೆಡ್ಡಿನ ನಡುವೆ ಎಣ್ಣೆಯ ಕಲೆ ಮಾತ್ರ ಉಳಿಯಿತು. ಹೊರಡುವಾಗ ನನಗೆ ಕುಂಕುಮ ಕೊಟ್ಟರು. ಗೇಟು ದಾಟಿ ತಿರುಗಿ ನೋಡಿದರೆ ಲೀಲಕ್ಕ ನೋಟ್‌ಬುಕ್ ಎದೆಗೊತ್ತಿಕೊಂಡು ನಿಂತಿದ್ದರು. ಮಂಜು ಅವರನ್ನು ಕಾಲಿನಿಂದ ಮೇಲಕ್ಕೆ ಅಳಿಸುತ್ತಾ ಬಂತು. ಒಬ್ಬ ಹೆಂಗಸಿನಿಂದ ಏನನ್ನು ಕಿತ್ತುಕೊಂಡು ಹೊರಟೆವೋ ಎಂದು ಮಡಿಕೇರಿ ಬರುವವರೆಗೂ ನನಗೆ ಸಮಾಧಾನವಿರಲಿಲ್ಲ.

ಶನಿವಾರ ಬೆಳಿಗ್ಗೆ ಅವರು ಅಂಗಡಿಯಿಂದ ವಾಲ್ವ್ ತಂದು ಹಾಕಿದರು. ಎಂಜಿನ್ನಿಗೆ ಈಗ ಏರಿಳಿತವಿಲ್ಲ, ಹೊಲಿಗೆ ಯಂತ್ರದಂತೆ ಒಂದೇ ಸಮ. "ನೋಡಿದೆಯಾ? ಹೇಳಿರಲಿಲ್ವಾ?" ಎಂದರು. ಗೆದ್ದವರ ದನಿ ಅದಾಗಿರಲಿಲ್ಲ. ಹತ್ತೂಕಾಲಿಗೆ ಫೋನ್ ಬಂತು. ಲೀಲಕ್ಕನ ನಂಬರ್. ಎತ್ತಲು ನನಗೆ ಕೈ ಬರಲಿಲ್ಲ. ಆದರೂ ಎತ್ತಿದೆ.

ಫೋನಿನಲ್ಲಿ ಅವರ ಹಿಂದಿನಿಂದ ಒಂದು ಸದ್ದು ಬರುತ್ತಿತ್ತು. ಏರುತ್ತಿತ್ತು, ತಗ್ಗುತ್ತಿತ್ತು, ಮತ್ತೆ ಏರುತ್ತಿತ್ತು. ನಾನು ಕಿಟಕಿಯಿಂದ ನೋಡಿದೆ. ಬಿಳೀ ಕಾರು ನಮ್ಮ ಅಂಗಳದಲ್ಲೇ ಇತ್ತು, ಎಂಜಿನ್ ಆರಿತ್ತು.

"ಅಕ್ಕಾ, ಸುಮ್ನೆ ಶೆಡ್ಡಲ್ಲಿ ಸ್ಟೂಲ್ ಹಾಕ್ಕೊಂಡು ನೋಟ್ಸ್ ಓದ್ತಾ ಕೂತಿದ್ದೆ" ಎಂದರು ಲೀಲಕ್ಕ. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. "ಕಾರು ಇಲ್ಲ. ಅವ್ರು ಇದ್ದಾರೆ."